ಮನೆಯಲ್ಲಿ ಮಾಡಿದ ಜಂಪೊಂಗ್ ಕೆಟ್ಟಿದ್ದೆಲ್ಲಿ? ದೋಷ ಹುಡುಕುವ ಕೈಪಿಡಿ

ಕೊರಿಯಾದ ಜಂಪೊಂಗ್, ಅಂದರೆ ಸಿಗಡಿ, ಸ್ಕ್ವಿಡ್ ಹಾಕಿದ ಖಾರದ ನೂಡಲ್ಸ್ ಸಾರು, ಮಾಡಿದ್ದೀರಿ. ಸಾರು ಕೆಂಪಗಿದೆ, ಮೇಲೆ ಸಿಗಡಿ ತೇಲುತ್ತಿದೆ, ಫೋಟೊ ಕೂಡ ಚೆನ್ನಾಗಿ ಬಂದಿದೆ. ಬಾಯಿಗಿಟ್ಟರೆ ಮಾತ್ರ ಏನೋ ಸರಿಯಿಲ್ಲ. ಆಗ ಎಲ್ಲರ ಕೈಯೂ ಹೋಗುವುದು ಬಾಟಲಿಗಳ ಕಡೆಗೆ. ಇನ್ನೊಂದು ಚಮಚ ಸೋಯಾ ಸಾಸ್, ಇನ್ನೊಂದು ಚಿಟಿಕೆ ಖಾರ, ಸ್ವಲ್ಪ ಸಕ್ಕರೆ. ಇದರಿಂದ ಹಳೆಯ ತಪ್ಪು ಹೋಗುವುದಿಲ್ಲ, ಹೊಸದೊಂದು ಸೇರಿಕೊಳ್ಳುತ್ತದೆ ಅಷ್ಟೆ.

ಈ ಅಡುಗೆಯ ರುಚಿ ತೀರ್ಮಾನವಾಗುವುದು ಬಾಣಲೆಗೆ ನೀರು ಬೀಳುವ ಮೊದಲೇ. ಎಣ್ಣೆ, ಈರುಳ್ಳಿ ಸೊಪ್ಪು, ಬೆಳ್ಳುಳ್ಳಿ, ಖಾರದ ಪುಡಿ, ಎಲೆಕೋಸು ಇವೆಲ್ಲ ಬಾಣಲೆಯಲ್ಲಿ ಕಳೆಯುವ ನಾಲ್ಕೈದು ನಿಮಿಷದಲ್ಲೇ ಮುಖ್ಯ ಕೆಲಸ ಮುಗಿದಿರುತ್ತದೆ. ನೀರು ಬಿದ್ದ ಮೇಲೆ ನಿಮ್ಮ ಕೈಯಲ್ಲಿ ಉಳಿಯುವುದು ಉಪ್ಪು ಮತ್ತು ಸಮಯ ಎರಡೇ. ಹಾಗಾಗಿ ದೋಷ ಹುಡುಕುವಾಗ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ: ಇದು ನೀರಿನ ಮೊದಲಿನ ತಪ್ಪೋ, ನಂತರದ್ದೋ?

ಕೊರಿಯಾದಲ್ಲಿ ಇದು ಮನೆಯ ಅಡುಗೆ ಅಲ್ಲ, ಚೀನೀ ಹೋಟೆಲಿನ ಅಡುಗೆ. ಅಲ್ಲಿನ ಚೀನೀ ಹೋಟೆಲುಗಳನ್ನು ಶುರು ಮಾಡಿದವರು ಶಾಂಡೊಂಗ್ ಕಡೆಯಿಂದ ಇಂಚಿಯಾನ್ ಬಂದರಿಗೆ ಬಂದ ವಲಸಿಗರು. ಜಪಾನಿನ ನಾಗಸಾಕಿಯಲ್ಲಿ ಚಂಪೊನ್ ಅಂತ ಇದರ ದಾಯಾದಿ ಒಂದಿದೆ, ಅದರ ಸಾರು ಬಿಳಿ. ಕೊರಿಯಾದ್ದೂ ಮೊದಲು ಬಿಳಿಯೇ ಇತ್ತು, ಕೆಂಪಾದದ್ದು ಆಮೇಲೆ. ಈ ಕಥೆ ಯಾಕೆ ಹೇಳಿದೆ ಅಂದರೆ, ಕೊರಿಯಾದ ಜಿಗೆ ಎಂಬ ಸಾರುಗಳ ಹಾಗೆ ಎಲ್ಲವನ್ನೂ ಒಂದು ಪಾತ್ರೆಗೆ ಹಾಕಿ ಕುದಿಸುವ ಅಡುಗೆ ಇದಲ್ಲ. ಮೊದಲು ಬಾಣಲೆಯಲ್ಲಿ ಹುರಿದು ಆಮೇಲೆ ಸಾರು ಹೊಯ್ಯುವುದು. ಹುರಿಯುವುದನ್ನು ಬಿಟ್ಟು ಸುಮ್ನೆ ಕುದಿಸಿದವರ ಸಾರಿಗೆ ಮೆಣಸಿನ ನೀರಿನ ರುಚಿಯೇ ಬರುತ್ತದೆ.

ಮೊದಲು ಹೋಲಿಸಲು ಒಂದು ಅಳತೆ

ಇಬ್ಬರಿಗೆ: ಎಣ್ಣೆ 3 ದೊಡ್ಡ ಚಮಚ. ಈರುಳ್ಳಿ ಸೊಪ್ಪಿನ ಬಿಳಿ ಭಾಗ ಒಂದು ಹಿಡಿ, ಜಜ್ಜಿದ ಬೆಳ್ಳುಳ್ಳಿ 1 ದೊಡ್ಡ ಚಮಚ, ಶುಂಠಿ ಅದರ ಕಾಲು ಭಾಗ. ಕೊರಿಯನ್ ಮೆಣಸಿನ ಪುಡಿ ಗೊಚುಗಾರು 2ರಿಂದ 3 ದೊಡ್ಡ ಚಮಚ. ಈರುಳ್ಳಿ ಒಂದು, ಎಲೆಕೋಸು ಎರಡು ಹಿಡಿ, ಕ್ಯಾರೆಟ್ ಸ್ವಲ್ಪ. ಸೋಯಾ ಸಾಸ್, ಆಯ್ಸ್ಟರ್ ಸಾಸ್ ತಲಾ 1 ದೊಡ್ಡ ಚಮಚ. ಸ್ಟಾಕ್, ಅಂದರೆ ಮೂಳೆ ಇಲ್ಲವೇ ಒಣಮೀನು ಕುದಿಸಿ ತೆಗೆದ ನೀರು, 1 ಲೀಟರ್. ಸ್ಕ್ವಿಡ್ ಒಂದು, ಸಿಗಡಿ ಏಳೆಂಟು, ಮಸಲ್ ಚಿಪ್ಪು ಹತ್ತು. ಹೋಟೆಲಿನಲ್ಲಿ ಹಂದಿಮಾಂಸದ ತೆಳು ಎಳೆಗಳನ್ನೂ ಹಾಕುತ್ತಾರೆ. ಬೇಡದವರು ಬಿಡಿ, ಕೋಳಿ ಹಾಕಿದರೂ ನಡೆಯುತ್ತದೆ. ಚಿಪ್ಪುಮೀನಿನ ಅಲರ್ಜಿ ಇರುವವರಿಗೆ ಮಾತ್ರ ಈ ಅಡುಗೆಯೇ ಬೇಡ.

ಈಗ ಬಟ್ಟಲು ಮುಂದಿಟ್ಟುಕೊಳ್ಳಿ. ಒಂದು ಚಮಚ ಸಾರು ಮಾತ್ರ ಕುಡಿಯಿರಿ. ಒಂದು ಎಳೆ ನೂಡಲ್ಸ್ ಮಾತ್ರ ತಿನ್ನಿ. ಒಂದು ತುಂಡು ಸ್ಕ್ವಿಡ್ ಮಾತ್ರ ಅಗಿಯಿರಿ. ಮೂರನ್ನೂ ಒಟ್ಟಿಗೆ ತಿಂದರೆ ಯಾವುದು ಕೆಟ್ಟಿದೆ ಅಂತ ನಾಲಿಗೆಗೆ ತಿಳಿಯುವುದಿಲ್ಲ.

ಸಾರು ಕಹಿ, ಸೀದ ವಾಸನೆ

ಅತಿ ಹೆಚ್ಚು ಕಾಣುವ ದೋಷ ಇದು. ಕಾರಣ ಹತ್ತರಲ್ಲಿ ಒಂಬತ್ತು ಸಲ ಒಂದೇ: ಖಾರದ ಪುಡಿ ಸೀದಿದೆ. ಒಣ ಮೆಣಸಿನಕಾಯಿಯಲ್ಲಿ ಸಕ್ಕರೆ ಅಂಶ ಇದೆ. ಹೊಗೆಯಾಡುವ ಎಣ್ಣೆಗೆ ಬಿದ್ದರೆ ಅದು ಕೆಲವೇ ಸೆಕೆಂಡಿನಲ್ಲಿ ಕಪ್ಪಾಗುತ್ತದೆ. ಪುಡಿ ಎಷ್ಟು ನುಣುಪೋ ಅಷ್ಟು ಬೇಗ ಸೀಯುತ್ತದೆ. ಗೊಚುಗಾರು ತರಿತರಿಯಾಗಿರುತ್ತದೆ, ಬೀಜ ಬಹುಪಾಲು ತೆಗೆದಿರುತ್ತಾರೆ, ಆದ್ದರಿಂದ ಸ್ವಲ್ಪ ತಡೆದುಕೊಳ್ಳುತ್ತದೆ. ನಮ್ಮ ಅಂಗಡಿಯ ನುಣ್ಣನೆಯ ಅಚ್ಚ ಖಾರದ ಪುಡಿಗೆ ಅಷ್ಟು ತಾಳ್ಮೆ ಇಲ್ಲ.

ಪರೀಕ್ಷೆ ಸುಲಭ. ಸಾರಿನ ಮೇಲೆ ತೇಲುವ ಎಣ್ಣೆಯನ್ನು ಚಮಚದಲ್ಲಿ ತೆಗೆದು ಬಿಳಿ ತಟ್ಟೆಯ ಮೇಲೆ ಎರಡು ಹನಿ ಬಿಡಿ. ತಿಳಿಯಾದ ಕೆಂಪು ಕಿತ್ತಳೆ ಬಣ್ಣ ಇದ್ದರೆ ಮೆಣಸು ಸರಿಯಾಗಿದೆ. ಕಂದು ಬಣ್ಣಕ್ಕೆ ತಿರುಗಿ, ಅದರಲ್ಲಿ ಸಣ್ಣ ಕಪ್ಪು ಚುಕ್ಕೆ ಕಂಡರೆ ಸೀದಿದೆ. ಎಣ್ಣೆ ಸರಿಯಿದ್ದೂ ಕಹಿ ಇದ್ದರೆ ಬೆಳ್ಳುಳ್ಳಿ ಕರಕಲಾಗಿರಬೇಕು, ಇಲ್ಲವೇ ಸ್ಟಾಕಿಗೆ ಹಾಕಿದ ಒಣಮೀನಿನ ಹೊಟ್ಟೆ ತೆಗೆದಿಲ್ಲ.

ಸೀದ ಮೇಲೆ ಮದ್ದಿಲ್ಲ. ಸಕ್ಕರೆ ಹಾಕಿದರೆ ಸಿಹಿಯಾದ ಕಹಿ ಆಗುತ್ತದೆ. ಇನ್ನೂ ಸ್ಟಾಕ್ ಹೊಯ್ಯದಿದ್ದರೆ ಎಣ್ಣೆ ಚೆಲ್ಲಿ ಮತ್ತೆ ಶುರು ಮಾಡಿ. ಹೋಗುವುದು ಮೂರು ಚಮಚ ಎಣ್ಣೆ. ಹಟ ಹಿಡಿದು ಮುಂದುವರಿದರೆ ಸ್ಕ್ವಿಡ್ಡೂ ಸಿಗಡಿಯೂ ಅದರ ಜೊತೆಗೇ ಹೋಗುತ್ತವೆ.

ಮುಂದಿನ ಸಲ ಹೀಗೆ ಮಾಡಿ. ಎಣ್ಣೆ ಸಾಧಾರಣ ಕಾದಾಗ ಈರುಳ್ಳಿ ಸೊಪ್ಪಿನ ಒಂದು ತುಂಡು ಹಾಕಿ. ಸುತ್ತ ಮೆಲ್ಲಗೆ ಗುಳ್ಳೆ ಬಂದರೆ ಸರಿ. ಚಟಪಟ ಸಿಡಿದು ಅಂಚು ಕಂದಾದರೆ ಜಾಸ್ತಿ ಕಾದಿದೆ, ಉರಿ ಆರಿಸಿ ಅರ್ಧ ನಿಮಿಷ ಬಿಡಿ. ಪುಡಿ ಹಾಕುವ ಹೊತ್ತಿಗೆ ಉರಿ ಪೂರ್ತಿ ಸಣ್ಣದಿರಲಿ, ಆರಿಸಿದ್ದರೂ ಸರಿಯೇ. ಪುಡಿ ಬಿದ್ದ ಕೂಡಲೇ ಎಣ್ಣೆಯ ಮೇಲೆ ಕೆಂಪು ನೊರೆ ಏಳುತ್ತದೆ. ಕೈಬಿಡದೆ ತಿರುಗಿಸಿ. ಮೊದಲು ಹಸಿ ಪುಡಿಯ ವಾಸನೆ ಬರುತ್ತದೆ, ಇಪ್ಪತ್ತು ಮೂವತ್ತು ಸೆಕೆಂಡಿಗೆ ಅದು ಹೋಗಿ ಸಿಹಿಯಾದ ಘಮ ಬರುತ್ತದೆ. ಆ ಕ್ಷಣಕ್ಕೇ ತರಕಾರಿ ಬೀಳಬೇಕು. ಹೆಚ್ಚಿಟ್ಟುಕೊಳ್ಳದೆ ಆಗ ಎಲೆಕೋಸು ಹೆಚ್ಚಲು ಹೋದರೆ ಮುಗಿಯಿತು. ಮೂಗಿಗೆ ಘಾಟು ಬಡಿದು ಕೆಮ್ಮು ಬಂದರೆ ಹೊತ್ತು ಮೀರಿದೆ ಅಂತಲೇ ಅರ್ಥ.

ಇಷ್ಟು ಗಡಿಬಿಡಿ ಬೇಡ ಅನ್ನುವವರಿಗೆ ಇನ್ನೊಂದು ದಾರಿ ಇದೆ, ಮನೆಯ ಒಲೆಗೆ ನನಗೆ ಇದೇ ಹೆಚ್ಚು ಇಷ್ಟ. ಈರುಳ್ಳಿ, ಎಲೆಕೋಸು ಮೊದಲು ಹುರಿದು, ಅವು ಬಾಡಿದ ಮೇಲೆ ಪುಡಿ ಉದುರಿಸಿ. ತರಕಾರಿಯ ತೇವ ಇರುವುದರಿಂದ ಪುಡಿ ಸೀಯುವುದಿಲ್ಲ. ಬಣ್ಣ ಕೊಂಚ ಕಡಿಮೆ ಬರುತ್ತದೆ, ಆದರೆ ಕಹಿಯ ಭಯ ಇಲ್ಲ.

ಗೊಚುಗಾರು ಸಿಗದಿದ್ದರೆ ಕರ್ನಾಟಕದವರು ಚಿಂತೆ ಮಾಡಬೇಕಿಲ್ಲ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ. ಜಂಪೊಂಗಿಗೆ ಬೇಕಾದದ್ದೂ ಅದೇ. ಇದಕ್ಕೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಡಬ್ಬಿ ಬಗೆ ಸಿಕ್ಕರೆ ಬಣ್ಣಕ್ಕೆ ಇನ್ನೂ ಒಳ್ಳೆಯದು. ತೊಟ್ಟು, ಬೀಜ ತೆಗೆದು, ಬಿಸಿಲಲ್ಲಿ ಗರಿಗರಿ ಒಣಗಿಸಿ, ಮಿಕ್ಸಿಯಲ್ಲಿ ಬಿಟ್ಟುಬಿಟ್ಟು ತಿರುಗಿಸಿ ತರಿಯಾಗಿ ಪುಡಿ ಮಾಡಿ. ಖಾರ ಸಾಲದು ಅನಿಸಿದರೆ ಒಂದೆರಡು ಗುಂಟೂರು ಮೆಣಸಿನಕಾಯಿ ಸೇರಿಸಿ. ಸಾರಿನ ಪುಡಿ, ಹುಳಿ ಪುಡಿ ಮಾತ್ರ ಬೇಡ. ಕೊತ್ತಂಬರಿ, ಮೆಂತ್ಯ ಬಿದ್ದರೆ ಅದು ಬೇರೆಯೇ ಸಾರು.

ಸಾರು ತೆಳ್ಳಗೆ, ಬಣ್ಣ ಪೇಲವ

ಇಲ್ಲಿ ಎರಡು ದೋಷ ಒಂದೇ ಮುಖ ಹಾಕಿಕೊಂಡು ಬರುತ್ತವೆ.

ಮೇಲೆ ಕೆಂಪು ಎಣ್ಣೆಯ ಪದರವೇ ಇಲ್ಲ, ಸಾರೆಲ್ಲ ತಿಳಿ ಗುಲಾಬಿ ಬಣ್ಣ, ತಳದಲ್ಲಿ ಪುಡಿ ಕೂತಿದೆ ಅಂದರೆ ಪುಡಿಯನ್ನು ನೀರಿಗೆ ಹಾಕಿದ್ದೀರಿ. ಮೆಣಸಿನ ಕೆಂಪು ಬಣ್ಣ ಕರಗುವುದು ಎಣ್ಣೆಯಲ್ಲಿ, ನೀರಿನಲ್ಲಿ ಅಲ್ಲ. ಖಾರವೂ ಹಾಗೆಯೇ. ಇದನ್ನು ಈಗಲೂ ಸರಿಮಾಡಬಹುದು. ಪಕ್ಕದ ಒಲೆಯಲ್ಲಿ ಎರಡು ಚಮಚ ಎಣ್ಣೆ ಬೆಚ್ಚಗೆ ಮಾಡಿ, ಮೇಲೆ ಹೇಳಿದ ಹಾಗೆ ಒಂದು ಚಮಚ ಪುಡಿ ಅರಳಿಸಿ, ಒಗ್ಗರಣೆಯಂತೆ ಸಾರಿಗೆ ಸುರಿದು ಎರಡು ನಿಮಿಷ ಕುದಿಸಿ. ಮೊದಲೇ ಹುರಿದಷ್ಟು ಚೆನ್ನಾಗಿರುವುದಿಲ್ಲ, ಆದರೂ ಬಟ್ಟಲು ಉಳಿಯುತ್ತದೆ.

ಎಣ್ಣೆ ಕೆಂಪಗೆ ತೇಲುತ್ತಿದೆ, ಆದರೆ ಅದರ ಕೆಳಗಿನ ಸಾರು ಸಪ್ಪೆ ಅಂದರೆ ತರಕಾರಿ ಹುರಿದಿಲ್ಲ, ಬೆಂದಿದೆ. ಇದನ್ನು ಕಿವಿಯಿಂದಲೇ ಹಿಡಿಯಬಹುದು. ಬಾಣಲೆಯಲ್ಲಿ ಚುರ್ರ್ ಅನ್ನುವ ಒಣ ಸದ್ದು ಇರುವವರೆಗೆ ಹುರಿಯುತ್ತಿದೆ. ಅದು ನಿಂತು ಗುಳುಗುಳು ಅಂತ ಶುರುವಾದರೆ ತರಕಾರಿ ನೀರು ಬಿಟ್ಟು ಅದರಲ್ಲೇ ಬೇಯುತ್ತಿದೆ. ಹೋಟೆಲಿನ ಒಲೆಯ ಉರಿ ಮನೆಯ ಗ್ಯಾಸಿನದಕ್ಕಿಂತ ಎಷ್ಟೋ ಪಟ್ಟು ಜೋರು. ಅವರು ಬಾಣಲೆ ತುಂಬಾ ಹಾಕಿದರೂ ಸದ್ದು ಇಳಿಯುವುದಿಲ್ಲ. ನಾವು ಹಾಗೆ ಮಾಡಿದರೆ ಬಾಣಲೆ ತಣ್ಣಗಾಗುತ್ತದೆ. ನಾಲ್ಕು ಜನಕ್ಕೆ ಬೇಕಾದರೆ ಎರಡು ಸಲ ಹುರಿಯಿರಿ. ಫ್ರೀಜರಿನ ಸಿಗಡಿ, ಸ್ಕ್ವಿಡ್ಡನ್ನು ಮಂಜುಗಡ್ಡೆ ಸಮೇತ ಸುರಿಯುವುದೂ ಇದೇ ತಪ್ಪು. ರಾತ್ರಿಯೇ ಫ್ರಿಜ್ಜಿನಲ್ಲಿ ಜಾಲರಿಯ ಮೇಲಿಟ್ಟು ಕರಗಿಸಿ, ಹಾಕುವ ಮುಂಚೆ ಬಟ್ಟೆಯಲ್ಲಿ ಒತ್ತಿ ಒರೆಸಿ.

ಬರೀ ನೀರು ಹೊಯ್ದರೂ ಸಾರು ತೆಳ್ಳಗಾಗುತ್ತದೆ. ಹೋಟೆಲಿನವರು ಕೋಳಿ ಇಲ್ಲವೇ ಹಂದಿ ಮೂಳೆಯ ಸ್ಟಾಕ್ ಇಟ್ಟಿರುತ್ತಾರೆ. ಮನೆಯಲ್ಲಿ ಆಂಚೊವಿ ಎಂಬ ಸಣ್ಣ ಒಣಮೀನು ಮತ್ತು ದಾಶಿಮಾ ಎಂಬ ಒಣ ಕಡಲ ಪಾಚಿಯ ಸ್ಟಾಕ್ ಸಾಕು. 1 ಲೀಟರಿಗೆ ಹತ್ತು ಹನ್ನೆರಡು ದೊಡ್ಡ ಆಂಚೊವಿ, ಅಂಗೈ ಅಗಲದ ಒಂದು ತುಂಡು ದಾಶಿಮಾ. ಆಂಚೊವಿಯ ತಲೆ ಮತ್ತು ಹೊಟ್ಟೆಯ ಕಪ್ಪು ಭಾಗ ತೆಗೆಯಿರಿ, ಕಹಿ ಅಲ್ಲಿಂದಲೇ ಬರುವುದು. ದಾಶಿಮಾ ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಸಿ, ನೀರು ಕುದಿಯಲು ಶುರುವಾದ ಕೂಡಲೇ ತೆಗೆದುಬಿಡಿ. ಬಿಟ್ಟರೆ ಲೋಳೆಯಾಗುತ್ತದೆ. ಆಂಚೊವಿ ಮಾತ್ರ ಹತ್ತು ಹದಿನೈದು ನಿಮಿಷ ಕುದಿಯಲಿ.

ಸಾರು ದಪ್ಪ, ಮಂಕು, ಸಿಹಿ ಇದ್ದರೆ? ಗೊಚುಜಾಂಗ್ ಹಾಕಿದ್ದೀರಿ. ಅದು ಅಕ್ಕಿ, ಸೋಯಾ ಸೇರಿಸಿ ಹುದುಗಿಸಿದ ಮೆಣಸಿನ ಗೊಜ್ಜು. ಬೇರೆ ಕಡೆ ಅದ್ಭುತ, ಇಲ್ಲಿ ಬೇಡ.

ಹೋಟೆಲಿನ ಹೊಗೆಯ ಪರಿಮಳ ಬರಲಿಲ್ಲ

ಕೊರಿಯನ್ನರು ಬುಲ್‌ಮಾತ್ ಅನ್ನುವ ಬೆಂಕಿಯ ರುಚಿ. ಹೋಟೆಲಿನ ಬಾಣಲೆಯಲ್ಲಿ ಎಣ್ಣೆಯ ಹನಿಗಳಿಗೆ ಬೆಂಕಿ ಹತ್ತಿ ಬರುವ ವಾಸನೆ ಅದು. ಮನೆಯಲ್ಲಿ ಅದನ್ನು ಪೂರ್ತಿ ತರುತ್ತೇವೆ ಅನ್ನುವವರನ್ನು ನಾನು ನಂಬುವುದಿಲ್ಲ. ಮುಕ್ಕಾಲು ಪಾಲು ತರಬಹುದು.

ಮೊದಲು ಬಾಣಲೆ ನೋಡಿ. ನಾನ್‌ಸ್ಟಿಕ್ ಆದರೆ ಈ ಆಸೆ ಬಿಡಿ, ಅದನ್ನು ಅಷ್ಟು ಕಾಯಿಸಲೂ ಬಾರದು. ಕಬ್ಬಿಣದ್ದು ಬೇಕು. ಈರುಳ್ಳಿ, ಎಲೆಕೋಸನ್ನು ಮೊದಲು ಸ್ವಲ್ಪವೇ ಎಣ್ಣೆಯಲ್ಲಿ, ಜೋರು ಉರಿಯಲ್ಲಿ, ಅಲ್ಲಾಡಿಸದೆ ಬಿಡಿ. ಅಂಚು ಕಂದಾಗಿ ಅಲ್ಲಲ್ಲಿ ಕಪ್ಪು ಮಚ್ಚೆ ಬಿದ್ದಾಗ ತೆಗೆದಿಟ್ಟುಕೊಳ್ಳಿ. ಆಮೇಲೆ ಮಸಾಲೆ ಎಣ್ಣೆ ಮಾಡಿ ಅವನ್ನು ವಾಪಸ್ ಹಾಕಿ. ಸೋಯಾ ಸಾಸನ್ನು ತರಕಾರಿಯ ಮೇಲೆ ಸುರಿಯಬೇಡಿ. ತರಕಾರಿಯನ್ನು ಒಂದು ಬದಿಗೆ ಸರಿಸಿ, ಖಾಲಿಯಾದ ಬಿಸಿ ಅಂಚಿಗೆ ಸುರಿಯಿರಿ. ಅದು ಬಿದ್ದ ಕೂಡಲೇ ಕುದಿದು, ಗುಳ್ಳೆ ಎದ್ದು, ಅರ್ಧ ಸೀದ ಬೆಲ್ಲದಂಥ ವಾಸನೆ ಬಿಡುತ್ತದೆ. ಆ ಹೊಗೆಯೇ ನಿಮಗೆ ಬೇಕಾದದ್ದು. ಕಿಟಕಿ ತೆರೆದಿಡಿ.

ಸ್ಕ್ವಿಡ್ ರಬ್ಬರ್

ಕರಾವಳಿಯವರು ಬೊಂಡಾಸ್ ಅನ್ನುವ ಈ ಸ್ಕ್ವಿಡ್ ಮೆತ್ತಗಿರುವುದು ಎರಡೇ ಹೊತ್ತಿನಲ್ಲಿ. ಒಂದೆರಡು ನಿಮಿಷದೊಳಗೆ, ಇಲ್ಲವೇ ಅರ್ಧ ಗಂಟೆಗೂ ಮೇಲೆ. ನಡುವೆ ಎಲ್ಲಿ ನಿಲ್ಲಿಸಿದರೂ ರಬ್ಬರ್. ಬಿಸಿ ತಾಗಿದಾಗ ಮಾಂಸದ ಎಳೆಗಳು ಬಿಗಿದುಕೊಂಡು ನೀರು ಹಿಂಡಿಬಿಡುತ್ತವೆ. ಬಹಳ ಹೊತ್ತು ಬೇಯಿಸಿದರೆ ನಾರಿನಂಶ ಕರಗಿ ಮತ್ತೆ ಮೆತ್ತಗಾಗುತ್ತದೆ. ಜಂಪೊಂಗಿಗೆ ಮೊದಲ ದಾರಿಯೇ ಸರಿ.

ಬಹಳ ಜನ ಸ್ಕ್ವಿಡ್ಡನ್ನು ತರಕಾರಿ ಜೊತೆ ಹುರಿದು, ಸ್ಟಾಕ್ ಹಾಕಿ, ಹತ್ತು ನಿಮಿಷ ಕುದಿಸುತ್ತಾರೆ. ಸಾರಿಗೆ ರುಚಿ ಇಳಿಯುತ್ತದೆ ನಿಜ. ಆದರೆ ಆ ಕೆಲಸಕ್ಕೆ ಚಿಪ್ಪುಮೀನಿದೆ. ಸ್ಕ್ವಿಡ್ಡನ್ನು ಬಿಸಿ ಬಾಣಲೆಯಲ್ಲಿ ಅರ್ಧ ನಿಮಿಷ ಆಡಿಸಿ ತೆಗೆದಿಡಿ, ಸಾರು ಇಳಿಸುವ ಮುನ್ನ ಅರ್ಧ ನಿಮಿಷಕ್ಕೆ ವಾಪಸ್ ಹಾಕಿ. ಸಿಗಡಿಗೂ ಇದೇ ನಿಯಮ. ಅರ್ಧ ಬಾಗಿದಾಗ ಬೆಂದಿರುತ್ತದೆ, ತಲೆ ಬಾಲ ಸೇರುವಷ್ಟು ಸುರುಳಿ ಸುತ್ತಿಕೊಂಡಿದ್ದರೆ ಜಾಸ್ತಿ ಆಯಿತು. ಸ್ಕ್ವಿಡ್ಡಿನ ಒಳಮೈ ಮೇಲೆ ಚೌಕಳಿಯಂತೆ ಅಡ್ಡಡ್ಡ ಗೀರು ಹಾಕಿದರೆ ಬೇಗ ಬೇಯುತ್ತದೆ, ಸಾರನ್ನೂ ಹಿಡಿದುಕೊಳ್ಳುತ್ತದೆ. ಹೊರಮೈಗೆ ಗೀರಬೇಡಿ, ಅಂದವಾಗಿ ಸುರುಳಿಯಾಗುವುದಿಲ್ಲ.

ಈಗಾಗಲೇ ರಬ್ಬರ್ ಆಗಿದ್ದರೆ ಸ್ಕ್ವಿಡ್ಡನ್ನು ಮಾತ್ರ ಆರಿಸಿ, ಸ್ವಲ್ಪ ಸಾರಿನೊಂದಿಗೆ ಮುಚ್ಚಿ ಸಣ್ಣ ಉರಿಯಲ್ಲಿ ಮೂವತ್ತು ನಲವತ್ತು ನಿಮಿಷ ಬಿಡಿ. ಹಸಿವು ತಡೆಯುತ್ತದೆ ಅಂದರೆ.

ನೀಚು ವಾಸನೆ, ಹಲ್ಲಿಗೆ ಮರಳು

ನೀಚು ವಾಸನೆಗೆ ಮೊದಲ ಕಾರಣ ಹಳೆಯ ಮೀನು. ಅದಕ್ಕೆ ಶುಂಠಿಯೂ ಸಾಲದು, ವೈನೂ ಸಾಲದು. ಮೀನು ತಾಜಾ ಇದ್ದೂ ವಾಸನೆ ಬಂದರೆ ಸಿಗಡಿಯ ಬೆನ್ನಿನ ಕಪ್ಪು ನಾಳ, ಸ್ಕ್ವಿಡ್ಡಿನ ಹೊಟ್ಟೆ, ಮಸಲ್ ಚಿಪ್ಪಿನಿಂದ ಹೊರಗೆ ನೇತಾಡುವ ನಾರಿನಂಥ ಗಡ್ಡ ತೆಗೆದಿದ್ದೀರಾ ನೋಡಿ. ಸಾರನ್ನು ಮುಚ್ಚಳ ಹಾಕಿ ಕುದಿಸುವುದೂ ತಪ್ಪು. ಆವಿಯ ಜೊತೆ ಹೋಗಬೇಕಾದ ವಾಸನೆ ಮತ್ತೆ ಸಾರಿಗೇ ಇಳಿಯುತ್ತದೆ.

ಮಸಲ್, ಅಂದರೆ ಪಚ್ಚಿಲೆ, ಬಾಯಿ ತೆರೆದಿದ್ದರೆ ಒಂದೊಂದನ್ನೂ ಬೆರಳಿನಿಂದ ತಟ್ಟಿ. ಮುಚ್ಚಿಕೊಂಡರೆ ಜೀವ ಇದೆ. ಮುಚ್ಚದಿದ್ದರೆ, ಚಿಪ್ಪು ಒಡೆದಿದ್ದರೆ ಎಸೆಯಿರಿ. ಬೆಂದ ಮೇಲೂ ಬಾಯಿ ಬಿಡದ್ದನ್ನು ತಿನ್ನಬೇಡಿ. ಇಲ್ಲಿ ಉಳಿತಾಯ ಬೇಡ, ಹೊಟ್ಟೆ ಕೆಟ್ಟರೆ ದುಬಾರಿ.

ಮರಳಿಗೆ ಮರುವಾಯಿಯಂಥ ಚಿಪ್ಪುಗಳೇ ಕಾರಣ. 1 ಲೀಟರ್ ನೀರಿಗೆ 30 ಗ್ರಾಂ ಉಪ್ಪು ಹಾಕಿ, ಅದರಲ್ಲಿ ಒಂದೆರಡು ಗಂಟೆ ಕತ್ತಲಲ್ಲಿ ಇಟ್ಟರೆ ತಾವೇ ಉಗಿಯುತ್ತವೆ. ಬಟ್ಟಲಲ್ಲಿ ಈಗಾಗಲೇ ಮರಳಿದ್ದರೆ ಸಾರನ್ನು ಐದು ನಿಮಿಷ ಅಲ್ಲಾಡಿಸದೆ ಬಿಡಿ, ಮೇಲಿನದನ್ನು ತೆಳು ಬಟ್ಟೆಯಲ್ಲಿ ಸೋಸಿಕೊಂಡು ತಳದ್ದನ್ನು ಚೆಲ್ಲಿ. ಚಿಪ್ಪುಗಳನ್ನು ಬೇರೆ ಪಾತ್ರೆಯಲ್ಲಿ ಬಾಯಿ ತೆರೆಸಿ, ಆ ನೀರನ್ನು ಸೋಸಿ ಸ್ಟಾಕಿಗೆ ಸೇರಿಸುವುದು ಎಲ್ಲಕ್ಕಿಂತ ನಿಶ್ಚಿಂತೆ.

ನೂಡಲ್ಸ್ ಮುದ್ದೆ

ನೂಡಲ್ಸನ್ನು ಸಾರಿನಲ್ಲೇ ಬೇಯಿಸಿದ್ದೀರಿ, ಅಲ್ವಾ? ಅದರ ಗಂಜಿ ಸಾರಿಗೆ ಇಳಿದು ಎರಡೂ ಕೆಟ್ಟಿವೆ. ಬೇರೆ ಪಾತ್ರೆಯಲ್ಲಿ ಜಾಸ್ತಿ ನೀರಿನಲ್ಲಿ ಬೇಯಿಸಿ. ಸ್ವಲ್ಪ ಗಟ್ಟಿ ಇರುವಾಗಲೇ ತೆಗೆದು ತಣ್ಣೀರಿನಲ್ಲಿ ಉಜ್ಜಿ ತೊಳೆಯಿರಿ. ಬಡಿಸುವ ಮುಂಚೆ ಕುದಿನೀರಿನಲ್ಲಿ ಒಮ್ಮೆ ಅದ್ದಿ, ಚೆನ್ನಾಗಿ ಬಸಿದು ಬಟ್ಟಲಿಗೆ ಹಾಕಿ, ಮೇಲೆ ಕುದಿಯುವ ಸಾರು ಹೊಯ್ಯಿರಿ. ತಣ್ಣನೆಯ ನೂಡಲ್ಸ್ ಹಾಗೇ ಹಾಕಿದರೆ ಸಾರು ಆರಿಹೋಗುತ್ತದೆ. ಬಡಿಸಿದ ಕೂಡಲೇ ತಿನ್ನಬೇಕು. ಕೊರಿಯಾದಲ್ಲಿ ಬೈಕಿನಲ್ಲಿ ಮನೆಗೆ ಬರುವ ಜಂಪೊಂಗಿನ ಬಗ್ಗೆಯೂ ದೂರು ಇದೇ: ದಾರಿಯಲ್ಲೇ ನೂಡಲ್ಸ್ ಉಬ್ಬಿತು ಅಂತ.

ಬೇಯಿಸಿದ್ದು ಸರಿಯಿದ್ದೂ ಜಗಿಯಲು ಏನೂ ಇಲ್ಲ ಅನಿಸಿದರೆ ನೂಡಲ್ಸೇ ಬೇರೆ. ಹಕ್ಕಾ ನೂಡಲ್ಸ್ ಈ ಸಾರಿಗೆ ತೀರಾ ಸಣ್ಣ. ಜಂಪೊಂಗ್ ನೂಡಲ್ಸ್ ಗೋಧಿಯದ್ದು, ಅದರ ಹಿಟ್ಟಿಗೆ ಕ್ಷಾರ ಸೇರಿಸಿರುತ್ತಾರೆ. ಹಳದಿ ಛಾಯೆಯೂ ಜಿಗುಟೂ ಅದರಿಂದಲೇ. ಸುಲಭದ ಉಪಾಯ ಸ್ಪಗೆಟ್ಟಿ. 1 ಲೀಟರ್ ನೀರಿಗೆ 2 ಟೀ ಚಮಚ ಅಡುಗೆ ಸೋಡಾ ಹಾಕಿ ಬೇಯಿಸಿ, ಆಮೇಲೆ ಚೆನ್ನಾಗಿ ತೊಳೆಯಿರಿ. ನೀರು ನೊರೆ ಎದ್ದು ಉಕ್ಕುತ್ತದೆ, ಪಾತ್ರೆ ಅರ್ಧ ಖಾಲಿ ಇರಲಿ.

ಹಿಟ್ಟಿನಿಂದಲೇ ಮಾಡುವವರಿಗೆ: ಅಡುಗೆ ಸೋಡಾವನ್ನು ತಟ್ಟೆಯಲ್ಲಿ ಹರಡಿ ಓವನ್‌ನಲ್ಲಿ 120 ಡಿಗ್ರಿಯಲ್ಲಿ ಒಂದು ಗಂಟೆ ಇಡಿ. ಅದು ಸೋಡಿಯಂ ಕಾರ್ಬೊನೇಟ್ ಆಗುತ್ತದೆ. ಆಗಿದೆಯೋ ಇಲ್ಲವೋ ತೂಕವೇ ಹೇಳುತ್ತದೆ: 30 ಗ್ರಾಂ ಇಟ್ಟರೆ 19 ಗ್ರಾಂ ಹತ್ತಿರ ಉಳಿಯಬೇಕು. 250 ಗ್ರಾಂ ಮೈದಾಕ್ಕೆ ಇದು 2.5 ಗ್ರಾಂ ಸಾಕು, ನೀರಿನಲ್ಲಿ ಕರಗಿಸಿ ಹಾಕಿ. ಬರಿಗೈಯಲ್ಲಿ ಮುಟ್ಟಬೇಡಿ, ಚರ್ಮ ಉರಿಯುತ್ತದೆ. ಹಿಟ್ಟು ಕಲಸುವಾಗ ಪುಡಿಪುಡಿಯಾಗಿ ಕೈಗೆ ಬಾರದಂತೆ ಕಾಣುತ್ತದೆ. ನೀರು ಸೇರಿಸುವ ಆಸೆ ತಡೆದು, ಮುಚ್ಚಿ ಅರ್ಧ ಗಂಟೆ ಬಿಡಿ, ತಾನೇ ಸೇರಿಕೊಳ್ಳುತ್ತದೆ.

ಉಪ್ಪು, ಖಾರ ತಪ್ಪಿದ್ದರೆ

ಪಾತ್ರೆಯಲ್ಲಿ ಸರಿ ಇತ್ತು, ಬಟ್ಟಲಲ್ಲಿ ಸಪ್ಪೆ. ತೊಳೆದ ನೂಡಲ್ಸ್ ನೀರು ಹೊತ್ತು ತಂದಿದೆ. ಬಸಿಯುವುದು ಸಾಲದಾಗಿದೆ. ಸಾರು ಬರೀ ಕುಡಿದಾಗ ಒಂದು ಚೂರು ಉಪ್ಪು ಜಾಸ್ತಿ ಅನಿಸುವಂತೆಯೇ ಇರಬೇಕು.

ಉಪ್ಪು ನಿಜವಾಗಿಯೂ ಜಾಸ್ತಿ ಆಗಿದ್ದರೆ ಚಿಪ್ಪುಗಳನ್ನು ಅನುಮಾನಿಸಿ. ಬಾಯಿ ತೆರೆದಾಗ ಅವು ಸಮುದ್ರದ ನೀರನ್ನೇ ಬಿಡುತ್ತವೆ. ಸೋಯಾ, ಆಯ್ಸ್ಟರ್ ಸಾಸ್ ಆಗಲೇ ಬಿದ್ದಿವೆ. ಅಳತೆ ನೋಡಿ ಮೊದಲೇ ಉಪ್ಪು ಹಾಕಬೇಡಿ, ಚಿಪ್ಪು ತೆರೆದ ಮೇಲೆ ರುಚಿ ನೋಡಿ ಹಾಕಿ. ಈಗ ಉಪ್ಪಿಲ್ಲದ ಸ್ಟಾಕ್, ಇನ್ನೊಂದು ಹಿಡಿ ಎಲೆಕೋಸು ಸೇರಿಸಿ.

ಖಾರ ಜಾಸ್ತಿ ಆದರೆ ನೀರು ಸುರಿಯಬೇಡಿ. ಖಾರ ಇರುವುದು ಮೇಲಿನ ಎಣ್ಣೆಯಲ್ಲಿ. ಉರಿ ಆರಿಸಿ ಎರಡು ನಿಮಿಷ ಬಿಟ್ಟು, ಸೌಟಿನ ಅಂಚಿನಿಂದ ಎಣ್ಣೆಯನ್ನು ಮೆಲ್ಲಗೆ ತೆಗೆದುಬಿಡಿ. ಅದನ್ನು ಚೆಲ್ಲಬೇಡಿ, ಫ್ರಿಜ್ಜಿನಲ್ಲಿಟ್ಟರೆ ನಾಳೆ ಮೊಟ್ಟೆ ಹುರಿಯಲು ಆಗುತ್ತದೆ. ಮಕ್ಕಳಿಗೆ ಅಂತಾದರೆ ಪುಡಿಯನ್ನೇ ಬಿಟ್ಟು ಬಿಳಿ ಜಂಪೊಂಗ್ ಮಾಡಿ, ಕೊರಿಯಾದ ಹೋಟೆಲುಗಳಲ್ಲೂ ಅದು ಸಿಗುತ್ತದೆ.

ಉಳಿದದ್ದನ್ನು ಬಿಸಿ ಮಾಡಿದಾಗ

ಮರುದಿನ ಸಾರಿನ ರುಚಿ ಇನ್ನೂ ಚೆನ್ನಾಗಿರುತ್ತದೆ, ಮೀನೇ ಹಾಳಾಗಿರುತ್ತದೆ. ಕಾರಣ ಒಟ್ಟಿಗೇ ಕುದಿಸಿದ್ದು. ಇಡುವಾಗಲೇ ಸ್ಕ್ವಿಡ್, ಸಿಗಡಿ ಬೇರೆ ಡಬ್ಬಿಗೆ ತೆಗೆಯಿರಿ, ನೂಡಲ್ಸ್ ಉಳಿಸಬೇಡಿ. ಆರಿದ ಕೂಡಲೇ ಫ್ರಿಜ್ಜಿಗೆ ಹೋಗಲಿ. ಮರುದಿನ ಸಾರು ಮಾತ್ರ ಚೆನ್ನಾಗಿ ಕುದಿಸಿ, ಉರಿ ಆರಿಸಿ, ಮೀನು ಹಾಕಿ ಮುಚ್ಚಿಡಿ. ಎಲ್ಲ ಹಬೆಯಾಡುವಷ್ಟು ಬಿಸಿಯಾದ ಮೇಲೆ ಅನ್ನದ ಮೇಲೆ ಸುರಿದುಕೊಳ್ಳಿ. ಕೊರಿಯಾದ ಚೀನೀ ಹೋಟೆಲುಗಳಲ್ಲಿ ಇದು ಜಂಪೊಂಗ್‌ಬಾಪ್ ಅಂತ ಮೆನುವಿನಲ್ಲೇ ಇರುತ್ತದೆ.